ಸೀನ ಮಾವ ಬಂದರೋ, ಸೀನನ ಮಾವ ಬಂದರೋ?

‘ಸೀನ ಮಾವ ಬಂದರು’ ಎಂದು ಬರೆದರೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತವರೇ ಸೀನ. ‘ಸೀನ, ಮಾವ ಬಂದರು’ ಎಂದು ಬರೆದರೆ ಸೀನ ಅಂಗಳದಲ್ಲಿ ಗೋಲಿ ಆಡುತ್ತಿರುವ ಹುಡುಗ; ಒಳಗಿನಿಂದ ಅಮ್ಮ ಅವನನ್ನು ಕೂಗುತ್ತಿದ್ದಾಳೆ. ಈ ಎರಡು ಚಿತ್ರ ಬಿಡಿಸಿ, ಕೆಳಗೆ ಒಂದೊಂದು ಸಾಲು ಬರೆದು ಎರಡನೇ ತರಗತಿಯ ಮಗುವಿನ ಮುಂದಿಡಿ. ಅಲ್ಪವಿರಾಮ ಎಂಬ ಹೆಸರು ಗೊತ್ತಿಲ್ಲದಿದ್ದರೂ ಅದರ ಕೆಲಸ ಮಗುವಿಗೆ ತಿಳಿಯುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಓದುಗರಲ್ಲಿ ನನ್ನ ಮನವಿ ಇದು: ಲೇಖನ ಚಿಹ್ನೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮೊದಲು, ಚಿತ್ರಗಳಿರುವ ಕಥೆಗಳನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.

ಒತ್ತಕ್ಷರವನ್ನೂ ತಪ್ಪದೆ ಓದುವ ಎಷ್ಟೋ ಮಕ್ಕಳು ಪಾಠವನ್ನು ಒಂದೇ ಉಸಿರಿಗೆ, ಒಂದೇ ರಾಗದಲ್ಲಿ ಒಪ್ಪಿಸಿಬಿಡುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ‘ಬಂದನಾ’ ಎಂಬಲ್ಲಿ ಪ್ರಶ್ನೆ ಪದದೊಳಗೇ ಇದೆ. ಇನ್ನೊಬ್ಬರ ಮಾತು ಎಂಬುದನ್ನು ‘ಅಂತ’ ಹೇಳಿಬಿಡುತ್ತದೆ. ಚಿಹ್ನೆ ನೋಡದೆಯೂ ಹೇಗೋ ಅರ್ಥವಾಗುತ್ತದೆ. ಅಲ್ಲದೆ, ಅಲ್ಪವಿರಾಮ ನಮಗೆ ಅಚ್ಚಿನ ಜೊತೆ ಬಂದದ್ದು. ಓಲೆಗರಿಯ ಕಾವ್ಯಕ್ಕೆ ಗಮಕಿಯ ದನಿಯೇ ವಿರಾಮ ಕೊಡುತ್ತಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲವನ್ನು ನೆನೆಯಿರಿ. ಮೈಕಿಲ್ಲದೆ ಕೊನೆಯ ಸಾಲಿಗೂ ಮಾತು ಮುಟ್ಟಿಸಬೇಕಿದ್ದ ನಟನಿಗೆ ಎಲ್ಲಿ ನಿಲ್ಲಬೇಕು ಎಂಬುದೇ ಅರ್ಧ ವಿದ್ಯೆ. ಅಂಥ ಊರಿನ ಮಕ್ಕಳು ಚಿಹ್ನೆಯನ್ನು ದನಿಯಿಂದಲೇ ಕಲಿಯಲಿ.

ಇದಕ್ಕೆ ಜಾಗ, ಪುಸ್ತಕ ಎರಡೂ ಇವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಕಾಸಿಲ್ಲದೆ ಸಿಗುತ್ತವೆ, ಪ್ರಿಂಟ್ ತೆಗೆದುಕೊಳ್ಳಬಹುದು. ಬೇಕಿರುವುದು ಓದಿ ಹೇಳುವವರು. ನಿವೃತ್ತ ಮೇಷ್ಟ್ರು, ಹವ್ಯಾಸಿ ನಟರು, ಬಿ.ಇಡಿ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಚಿತ್ರ ಬರೆಯಬಲ್ಲವರು ಚೇಳೂರಿನ ಹಲಸಿನ ಸಂತೆಯನ್ನೋ ಕುಣಿಗಲ್ ಸ್ಟಡ್ ಫಾರಂನ ಕುದುರೆಯನ್ನೋ ಬರೆದುಕೊಡಿ. ‘ಕುದುರೆ ಓಡಿತು.’ ಎಂಬುದಕ್ಕೆ ಬಯಲಲ್ಲಿ ಓಡುವ ಕುದುರೆ, ‘ಕುದುರೆ ಓಡಿತು!’ ಎಂಬುದಕ್ಕೆ ಹಾರುಹೊಡೆದ ಲಾಯದ ಬಾಗಿಲು, ಹಗ್ಗ ಹಿಡಿದು ಬೆನ್ನಟ್ಟುವ ಆಳು.

ಓದುವಾಗ ಚಿಹ್ನೆಯ ಮೇಲೆ ಬೆರಳಿಟ್ಟು ದನಿ ತಡೆಯಿರಿ, ಏರಿಸಿ. ಹೆಸರು, ವ್ಯಾಖ್ಯೆ ಆಮೇಲೆ. ಮಗು ತಪ್ಪಿದರೆ ಕೆಂಪು ಇಂಕು ಬೇಡ. ಚಿತ್ರ ತೋರಿಸಿ, ಅದೇ ಸಾಲನ್ನು ಮತ್ತೆ ಓದಿಸಿ. ಈ ವಾರವೇ ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ಮೇಲ್ವಿಚಾರಕರನ್ನು ಕಂಡು, ನಿಮಗೆ ಅನುಕೂಲವಾದ ಶನಿವಾರಗಳನ್ನು ಹೇಳಿ ಬನ್ನಿ.