ನೂರು ಪರ್ಸೆಂಟ್ ಕಂಪ್ಲೀಟ್, ಆದರೆ ಕಲಿತಿದ್ದೆಷ್ಟು?

ಪ್ಲೇಸ್‌ಮೆಂಟ್ ಆದ ಸೀನಿಯರ್‌ಗಳನ್ನ ಕೇಳಿ ನೋಡಿ. ಸೇರಿದ ಮೊದಲ ವಾರವೇ ಒಂದು ಲಾಗಿನ್ ಬರುತ್ತೆ, ಅದರೊಳಗೆ ಒಂದು ರಾಶಿ ವಿಡಿಯೋ. ಇಂತಿಷ್ಟು ದಿನದಲ್ಲಿ ಮುಗಿಸಬೇಕು. ಇನ್ನೆರಡು ವರ್ಷಕ್ಕೆ ಅದೇ ಲಾಗಿನ್ ನಮಗೂ ಬರುತ್ತೆ. ಅದಕ್ಕೇ ಈಗಲೇ ಕೇಳ್ತಿದ್ದೇವೆ: ಆನ್‌ಲೈನ್ ಟ್ರೈನಿಂಗ್‌ನಿಂದ ನಿಜವಾಗ್ಲೂ ಕೆಲಸ ಕಲಿಯೋಕೆ ಆಗುತ್ತಾ?

ಆಗುತ್ತೆ ಅಂತಲೇ ನಮ್ಮ ಅಭಿಪ್ರಾಯ. ಆದರೆ ಎಷ್ಟೋ ಕಡೆ ಎಣಿಸೋ ನಂಬರೇ ತಪ್ಪು. ಡ್ಯಾಶ್‌ಬೋರ್ಡ್ ತೋರಿಸೋ ಕಂಪ್ಲೀಷನ್ ಪರ್ಸೆಂಟ್ ನಮ್ಮ ಅಟೆಂಡೆನ್ಸ್ ಇದ್ದ ಹಾಗೆ. ಎಕ್ಸಾಮ್ ಹಾಲ್ ಒಳಗೆ ಬಿಡ್ತಾರೆ, ಒಳಗೆ ಹೋಗಿ ಏನು ಬರೀತೀವಿ ಅನ್ನೋದು ಬೇರೆ ಕಥೆ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಟ್ರೈನಿಂಗ್ ಅಳೆಯೋಕೆ ನಾಲ್ಕು ಹಂತ ಹೇಳಿದ್ದರು: ಬಂದವರಿಗೆ ಹಿಡಿಸಿತಾ, ಏನಾದರೂ ಕಲಿತರಾ, ಆಮೇಲೆ ಕೆಲಸ ಮಾಡೋ ರೀತಿ ಬದಲಾಯ್ತಾ, ಅದರಿಂದ ಸಂಸ್ಥೆಗೆ ಏನು ಸಿಕ್ಕಿತು. ಕೊನೇಲಿ ಬರೋ ಐದು ಸ್ಟಾರ್‌ನ ಫೀಡ್‌ಬ್ಯಾಕ್ ಫಾರ್ಮ್ ಇನ್ನೂ ಮೊದಲನೇ ಮೆಟ್ಟಿಲಲ್ಲೇ ಇದೆ.

ವಿಡಿಯೋ ಚಿಕ್ಕದಿರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಎಡ್‌ಎಕ್ಸ್‌ನ 69 ಲಕ್ಷ ವಿಡಿಯೋ ಸೆಷನ್‌ಗಳನ್ನ ನೋಡಿ 2014ರಲ್ಲಿ ಬಂದ ಸ್ಟಡಿ ಪ್ರಕಾರ, ವಿಡಿಯೋ ಎಷ್ಟೇ ಉದ್ದ ಇದ್ದರೂ ಸಾಮಾನ್ಯವಾಗಿ ಜನ ನೋಡೋದು ಹೆಚ್ಚೆಂದರೆ ಆರು ನಿಮಿಷ. ಸರಿ, ಆದರೆ ಅದು ನೋಡಿದ ಲೆಕ್ಕ, ಕಲಿತ ಲೆಕ್ಕ ಅಲ್ಲ.

ಕಲಿಯೋ ವಿಷಯಕ್ಕೆ ಬಂದರೆ, ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಮ್ಮಂಥ ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನ ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ! ಈಗ ಯೋಚನೆ ಮಾಡಿ, ವಿಡಿಯೋ ಮುಗಿದ ತಕ್ಷಣ ಬರೋ ಐದು ಮಾರ್ಕಿನ ಕ್ವಿಜ್ ಅಳೆಯೋದು ಆ ಐದು ನಿಮಿಷದ ನೆನಪನ್ನೇ. ಅದೇ ಕ್ವಿಜ್ ಮುಂದಿನ ವಾರ ಬರಲಿ, ಆಮೇಲೆ ಮುಂದಿನ ತಿಂಗಳು ಇನ್ನೊಂದು ಸಲ ಬರಲಿ. ಎನ್‌ಪಿಟಿಇಎಲ್ ಬಗ್ಗೆ ನಾವು ಎಷ್ಟೇ ಗೊಣಗಿದರೂ ಪ್ರತಿ ವಾರ ಅಸೈನ್‌ಮೆಂಟ್, ಕೊನೇಲಿ ಸೆಂಟರ್‌ಗೆ ಹೋಗಿ ಬರೆಯೋ 75 ಪರ್ಸೆಂಟಿನ ಎಕ್ಸಾಮ್ ಇರೋದರಿಂದಲೇ ಆ ಸರ್ಟಿಫಿಕೇಟ್‌ಗೆ ಸ್ವಲ್ಪ ಬೆಲೆ ಇದೆ.

ಇಷ್ಟೆಲ್ಲ ಮಾಡಿದರೂ ಸಾಲಲ್ಲ. ಕಲಿತದ್ದು ಕೆಲಸಕ್ಕೆ ಇಳಿಯಬೇಕಾದರೆ ಕಲಿಯೋನ ಸಾಮರ್ಥ್ಯ, ಕೋರ್ಸ್ ಮಾಡಿದ ರೀತಿ, ಕೆಲಸದ ಜಾಗದ ವಾತಾವರಣ, ಮೂರೂ ಬೇಕು ಅಂತ ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲಿ ಬರೆದರು. ನಮ್ಮ ಪ್ರಕಾರ ಮೂರನೇದೇ ದೊಡ್ಡದು. ಮ್ಯಾನೇಜರ್ 'ಏನು ಕಲಿತೆ, ಈ ಟಿಕೆಟ್‌ನಲ್ಲಿ ಹಾಕಿ ತೋರಿಸು' ಅಂದರೆ ಕೋರ್ಸ್‌ಗೆ ಜೀವ ಬರುತ್ತೆ. 'ಡೆಲಿವರಿ ಮುಗಿಸು, ಕೋರ್ಸ್ ಭಾನುವಾರ ಮನೇಲಿ ನೋಡ್ಕೋ' ಅಂದರೆ ಎಷ್ಟೇ ದುಬಾರಿ ಪ್ಲಾಟ್‌ಫಾರ್ಮ್ ಆದರೂ ವೇಸ್ಟ್. ಟ್ರೈನಿಂಗ್ ಕೂಡ ಕೆಲಸವೇ, ಅದಕ್ಕೆ ಆಫೀಸ್ ಟೈಮಲ್ಲೇ ಜಾಗ ಕೊಡಬೇಕು.

ಇನ್ನೊಂದು ಮಾತು, ಕನ್ನಡ ಸಂಘದ ಪತ್ರಿಕೆ ಅಂತಲೇ ಹೇಳ್ತಿಲ್ಲ. ನಮ್ಮ ಮೆಕ್ಯಾನಿಕಲ್ ಗೆಳೆಯರು ಇಂಟರ್ನ್‌ಶಿಪ್‌ಗೆ ಹೋಗಿದ್ದ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ಮಾಡ್ಯೂಲ್ ಪೂರ್ತಿ ಇಂಗ್ಲಿಷ್‌ನಲ್ಲಿತ್ತಂತೆ. ಮಷಿನ್ ನಡೆಸೋ ಅಣ್ಣಂದಿರಿಗೆ ಸೂಪರ್‌ವೈಸರ್ ಪಕ್ಕ ನಿಂತು ಯಾವ ಆಪ್ಷನ್ ಒತ್ತಬೇಕು ಅಂತ ಹೇಳ್ತಿದ್ದರಂತೆ. ಎಲ್ಲರಿಗೂ ಫುಲ್ ಮಾರ್ಕ್ಸ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ಹೊಳೆಯೋದೇ ಇಲ್ಲ. ಪ್ರೆಸ್ ಮಷಿನ್ ಕೆಳಗೆ ಇರೋದು ಅವರ ಕೈ, ಅವರಿಗೆ ಅರ್ಥ ಆಗೋ ಭಾಷೆಯಲ್ಲಿ ಹೇಳೋದು ಉಪಕಾರ ಏನಲ್ಲ.

ಮುಂದಿನ ಸಲ ಪ್ರಿ-ಪ್ಲೇಸ್‌ಮೆಂಟ್ ಟಾಕ್‌ಗೆ ಎಚ್‌ಆರ್ ಬಂದಾಗ ಎಲ್ಲರೂ ಸಿಟಿಸಿ, ಬಾಂಡ್ ಅಂತ ಕೇಳ್ತಾರೆ. ಯಾರಾದರೂ ಒಬ್ಬರು ಕೈ ಎತ್ತಿ ಇದನ್ನೂ ಕೇಳಿ: ಟ್ರೈನಿಂಗ್‌ಗೆ ವಾರಕ್ಕೆ ಎಷ್ಟು ಗಂಟೆ ಬಿಡ್ತೀರಿ, ನಮಗೆ ಕೆಲಸ ಬಂತೋ ಇಲ್ಲವೋ ಅಂತ ಮೂರು ತಿಂಗಳ ಮೇಲೆ ಯಾರು ನೋಡ್ತಾರೆ?