ಬೀಗ ಹಾಕಿ, ಕಿಟಕಿ ಮುಚ್ಚಬೇಡಿ

ನಮ್ಮ ಮನೇಲಿ ಹಳೇ ಕಣಜದಿಂದ ಹೊಸದಕ್ಕೆ ಭತ್ತ ಅಳೆದು ಹಾಕುವ ದಿನ ಹಳೇದಕ್ಕೆ ಯಾರೂ ಸುರಿಯೋ ಹಾಗಿರಲಿಲ್ಲ, ತೆಗೆಯೋ ಹಾಗೂ ಇರಲಿಲ್ಲ. ಲೆಕ್ಕ ತಪ್ಪುತ್ತೆ ಅಂತ. ಏಳನೇ ಕ್ಲಾಸು ಓದಿದ ನನಗೆ ಕಂಪ್ಯೂಟರ್ ಅರ್ಥವಾದದ್ದು ಈ ಕಣಜದಿಂದಲೇ.

ಪಹಣಿಗೆ ಹೋದ್ರೆ 'ಸರ್ವರ್ ಬದಲಾಗ್ತಿದೆ, ಮುಂದಿನ ವಾರ ಬನ್ನಿ' ಅನ್ನೋ ಮಾತು ನಾವೆಲ್ಲ ಕೇಳಿದವರೇ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳಿಯಿಂದ ಪೇಟೆಗೆ ಹೋಗಿ ಬಂದರೆ ಒಂದು ದಿನದ ಕೆಲಸ ಹಾಳು. ಬಯ್ಯೋದು ಸುಲಭ. ಆದ್ರೆ ಬೀಗ ಹಾಕೋದು ತಪ್ಪಲ್ಲ ಅಂತ ನಾನು ಹೇಳ್ತೇನೆ. ಬೀಗ ಹಾಕದೇ ಇದ್ದದ್ದರ ಫಲ ನಾನು ಉಂಡಿದ್ದೇನೆ.

2000ನೇ ಇಸವಿ ಆಸುಪಾಸು 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಆಗಷ್ಟೇ ಅಪ್ಪ ತೀರಿಕೊಂಡಿದ್ದರು. ಎರಡು ಎಕರೆ ಮಕ್ಕಿ ಗದ್ದೆಯ ಪೌತಿ ಖಾತೆಗೆ ಅರ್ಜಿ ಕೊಟ್ಟೆ. ನನ್ನ ಹೆಸರು ಹಳೇ ಪುಸ್ತಕದಲ್ಲಿ ಬಿತ್ತು. ಆದ್ರೆ ಆ ಪುಟವನ್ನು ಅದಕ್ಕೆ ಮುಂಚೆಯೇ ಕಂಪ್ಯೂಟರಿಗೆ ಏರಿಸಿ ಆಗಿತ್ತು! ಪುಸ್ತಕದಲ್ಲಿ ನಾನು, ಕಂಪ್ಯೂಟರಿನಲ್ಲಿ ಅಪ್ಪ. ಮುಂದೆ ಕೈಬರಹದ ಪಹಣಿ ನಡೆಯೋದಿಲ್ಲ ಅಂತ ಆಯ್ತು. ಸತ್ತವರ ಹೆಸರಿಗೆ ಬೆಳೆಸಾಲ ಯಾರು ಕೊಡ್ತಾರೆ? ತಿದ್ದುಪಡಿಗೆ ಎರಡು ಮಳೆಗಾಲ ಅಲೆದೆ. ಆ ಎರಡೂ ವರ್ಷ ಗೊಬ್ಬರಕ್ಕೆ ಕೈಸಾಲ. ಬಡ್ಡಿ ಎಷ್ಟು ಅಂತ ಇಲ್ಲಿ ಬರೆಯೋದಿಲ್ಲ, ನಮ್ಮನೆಯವಳೂ ಈ ಪತ್ರಿಕೆ ಓದ್ತಾಳೆ.

ತಾಲೂಕಿನ ಕಂಪ್ಯೂಟರಿನಲ್ಲಿದ್ದ ದಾಖಲೆ ಆಮೇಲೆ ಬೆಂಗಳೂರಿನ ಕೇಂದ್ರಕ್ಕೆ ಹೋಯ್ತು. ನೋಂದಣಿ ಕಚೇರಿಗಳಲ್ಲಿ 2023ರಲ್ಲಿ ಹಳೇ 'ಕಾವೇರಿ' ಹೋಗಿ 'ಕಾವೇರಿ 2.0' ಬಂತು. ಇಂಥಾದ್ದು ಮುಂದೂ ಇದ್ದದ್ದೇ. ಹೊಸ ಮೆಷಿನ್ನಿಗೆ ನಕಲು ತೆಗೆಯುವ ಮುಂಚೆ ಹಳೇ ದಾಖಲೆಯನ್ನು 'ಓದೋಕೆ ಮಾತ್ರ' ಅಂತ ಮಾಡಬೇಕು. ಕಂಪ್ಯೂಟರಿನವರು ಇದಕ್ಕೆ ರೀಡ್ ಓನ್ಲಿ ಅಂತಾರೆ. ನಕಲು ಮುಗಿದು, ಎರಡೂ ಕಡೆ ತಾಳೆಯಾದ ಮೇಲೇ ಹೊಸದರಲ್ಲಿ ಬರವಣಿಗೆ ಶುರು.

ನನ್ನ ತಕರಾರು ಇರೋದು ಇಲ್ಲಿ. ಓದೋಕೆ ಮಾತ್ರ ಅಂದ ಮೇಲೆ ಓದೋಕಾದ್ರೂ ಕೊಡಬೇಕಲ್ಲ? ಖಾತೆ ಬದಲಾವಣೆ ನಿಲ್ಲಿಸಿ, ಒಪ್ಪಿದೆ. ಪಹಣಿ ಪ್ರತಿ ಯಾಕೆ ನಿಲ್ಲಬೇಕು? ಕೊನೆಗೆ ಮೆಷಿನ್ ಬದಲಿಸುವಾಗ ಸ್ವಲ್ಪ ಹೊತ್ತು ಎಲ್ಲವೂ ನಿಲ್ಲಬೇಕಾಗಬಹುದು. ಅದು ರಾತ್ರಿಯೋ ಭಾನುವಾರವೋ ಆಗಲಿ. ತಾರೀಕನ್ನು ಹದಿನೈದು ದಿನ ಮೊದಲೇ ಪಂಚಾಯ್ತಿ ಬೋರ್ಡಿಗೆ ಹಚ್ಚಲಿ. ಮಾರ್ಚಿನಲ್ಲಿ ಸೊಸೈಟಿ ಸಾಲ ತಿರುವಿ ಹಾಕುವ ಹೊತ್ತು, ಬಿತ್ತನೆ ಹೊತ್ತು ಖಂಡಿತ ಬೇಡ. ಆ ದಿನಗಳಲ್ಲಿ ಬಂದ ಅರ್ಜಿಗೆ ನಂಬರು ಹಾಕಿದ ರಸೀತಿ ಕೊಟ್ಟು, ಬೀಗ ತೆಗೆದಾಗ ಅದೇ ಸರದಿಯಲ್ಲಿ ಏರಿಸಲಿ.

ನೀವೂ ಈಗಲೇ ಒಂದು ಪಹಣಿ ಪ್ರತಿ ತೆಗೆದಿಡಿ. ಬದಲಾವಣೆ ಆದ ಮೇಲೆ ಹೊಸದನ್ನು ತೆಗೆಸಿ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ ಹಳೇದರ ಜೊತೆ ತಾಳೆ ನೋಡಿ. ನನ್ನ ಹಳೇ ಪ್ರತಿಗಳು ಅಪ್ಪನ ಟ್ರಂಕಿನಲ್ಲೇ ಇವೆ.