ತೊಟ್ಟಿಯ ಲೆಕ್ಕಕ್ಕೆ ಎರಡು ತಿಂಗಳು

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯ ಜೊತೆ ಮನೆಗೆ ಬಂದಿದ್ದ. ಈಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ. "ಗುರುವಾರ ವೈವಾ ಸಾರ್, ಪ್ರಾಜೆಕ್ಟ್ ಒಮ್ಮೆ ನೋಡಿ" ಎಂದ.

ಸಾವಿರ ಲೀಟರ್ ಹಿಡಿಯುವ, ಮೇಲೆ ಕೆಳಗೆ ಮುಚ್ಚಿದ ಸಿಲಿಂಡರ್ ಆಕಾರದ ತೊಟ್ಟಿಯನ್ನು ಅತಿ ಕಡಿಮೆ ತಗಡಿನಲ್ಲಿ ಮಾಡುವುದು ಹೇಗೆ ಎಂಬುದು ವಿಷಯ. ಬಳಸಿದ್ದು 'ಜೆನೆಟಿಕ್ ಅಲ್ಗಾರಿದಮ್'. ಕಂಪ್ಯೂಟರಿನಲ್ಲಿ ನೂರಾರು ತೊಟ್ಟಿಗಳನ್ನು ಹುಟ್ಟಿಸಿ, ಒಳ್ಳೆಯವನ್ನು ಉಳಿಸಿ, ಅವುಗಳ ಗುಣ ಬೆರೆಸಿ, ತಲೆಮಾರಿನಿಂದ ತಲೆಮಾರಿಗೆ ಸುಧಾರಿಸುತ್ತ ಹೋಗುವ ವಿಧಾನ ಅದು. ಎರಡು ತಿಂಗಳು ಕೂತು ಪ್ರೋಗ್ರಾಂ ಬರೆದಿದ್ದ. ಉತ್ತರ: ತ್ರಿಜ್ಯ 54.2 ಸೆಂ.ಮೀ., ಎತ್ತರ 108.4 ಸೆಂ.ಮೀ.

"ಇದೇ ವಿಧಾನ ಯಾಕಪ್ಪಾ?"

"ಲೇಟೆಸ್ಟ್ ಅಲ್ವಾ ಸಾರ್!"

ಪರೀಕ್ಷಕರು ಮೊದಲು ಕೇಳುವುದೇ ಈ ಪ್ರಶ್ನೆಯನ್ನು. ಒಂದು ಹಾಳೆ ತೆಗೆದುಕೊಂಡೆ. ತ್ರಿಜ್ಯ 40 ಸೆಂ.ಮೀ. ಇದ್ದರೆ ತೊಟ್ಟಿ ಉದ್ದವಾಗಿ ಬೆಳೆದು 6 ಚದರ ಮೀಟರ್ ತಗಡು ನುಂಗುತ್ತದೆ. 70 ಇದ್ದರೆ ಮುಚ್ಚಳಗಳೇ ದೊಡ್ಡದಾಗಿ 5.94 ಬೇಕು. ನಡುವೆಲ್ಲೋ ಒಂದೇ ಒಂದು ತಗ್ಗು ಇದೆ; ಅಲ್ಲಿ ಇಳಿಜಾರು ಸೊನ್ನೆ. ಪಿಯುಸಿಯಲ್ಲಿ ಕಲಿತ ಡಿಫರೆನ್ಷಿಯೇಷನ್ ಮಾಡಿದರೆ ನಾಲ್ಕು ಸಾಲಿನಲ್ಲಿ ಎತ್ತರವೂ ವ್ಯಾಸವೂ ಸಮ ಎಂದು ಬರುತ್ತದೆ. ತಗಡು ಸುಮಾರು 5.54 ಚದರ ಮೀಟರ್. ವಿದ್ಯಾರ್ಥಿಗಳೇ, ನೀವೂ ಮಾಡಿ ನೋಡಿ.

ಹುಡುಗನ ಮುಖ ಸಪ್ಪಗಾಯಿತು. "ಹಾಗಾದ್ರೆ ಅಷ್ಟು ದಿನದ ಕೆಲಸ ದಂಡವೇ ಮೇಷ್ಟ್ರೇ?" ಎಂದರು ತಂದೆ.

ದಂಡವಲ್ಲ. ಗೇರ್ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಗೇರಿಗೆ 20 ಹಲ್ಲಿರಬಹುದು, 21 ಇರಬಹುದು, ಇಪ್ಪತ್ತೂವರೆ ಇರಲಾರದು. ಮೆಟ್ಟಿಲಿನಂಥ ಲೆಕ್ಕ ಇದು, ಇಳಿಜಾರೇ ಇಲ್ಲ. ಇನ್ನು ಕೆಲವು ಲೆಕ್ಕಗಳಲ್ಲಿ ತಗ್ಗುಗಳು ಹಲವು. ಮಲೆನಾಡಿನ ದಟ್ಟ ಮಂಜಿನಲ್ಲಿ ಇಳಿಜಾರನ್ನೇ ಹಿಡಿದು ನಡೆದವನು ಯಾವುದೋ ಗುಂಡಿಗೆ ಇಳಿದು ಇದೇ ಕಣಿವೆಯ ತಳ ಎಂದುಕೊಂಡ ಹಾಗೆ, ಡಿಫರೆನ್ಷಿಯೇಷನ್ ಅಲ್ಲಿ ಮೋಸಹೋಗಬಹುದು. ಆಗ ಬೇಕು ಹುಡುಗನ ವಿಧಾನ. ಅಮೆರಿಕದ ನಾಸಾ 2006ರಲ್ಲಿ ಹಾರಿಸಿದ ಎಸ್‌ಟಿ-5 ಪುಟ್ಟ ಉಪಗ್ರಹಗಳ ಆಂಟೆನಾ ಹೀಗೆಯೇ ಕಂಪ್ಯೂಟರಿನಲ್ಲಿ 'ವಿಕಾಸ'ಗೊಂಡದ್ದು. ನೋಡಲು ಮಕ್ಕಳು ಬಗ್ಗಿಸಿ ಬಿಸಾಡಿದ ತಂತಿಯಂತಿದೆ! ಯಾವ ಎಂಜಿನಿಯರನೂ ಕೈಯಾರೆ ಆ ಚಿತ್ರ ಬರೆಯುತ್ತಿರಲಿಲ್ಲ.

ಈ ಬಗೆಯ ವಿಧಾನದ ಆರಂಭದ ಕಥೆ ಇನ್ನೂ ಸ್ವಾರಸ್ಯ. 1964ರಲ್ಲಿ ಬರ್ಲಿನ್‌ನಲ್ಲಿ ಇಂಗೊ ರೆಚೆನ್‌ಬರ್ಗ್ ಐದು ಕೀಲುಗಳಿದ್ದ ಹಲಗೆಯೊಂದನ್ನು ಗಾಳಿಸುರಂಗದಲ್ಲಿಟ್ಟರು. ಪ್ರತಿ ಕೀಲಿಗೆ 51 ಸ್ಥಾನ. ಒಟ್ಟು ಮೂವತ್ತನಾಲ್ಕು ಕೋಟಿಗೂ ಹೆಚ್ಚು ಆಕಾರ. ಗಾಳಿಯ ತಡೆ ಅತಿ ಕಡಿಮೆಯಾಗುವುದು ಯಾವ ಆಕಾರಕ್ಕೆ? ಮನಬಂದಂತೆ ಕೀಲು ತಿರುಗಿಸುವುದು, ತಡೆ ತಗ್ಗಿದರೆ ಉಳಿಸಿಕೊಳ್ಳುವುದು, ಇಲ್ಲದಿದ್ದರೆ ಹಿಂದಕ್ಕೆ. ಕೆಲವು ನೂರು ಪ್ರಯತ್ನಗಳಲ್ಲಿ ಹಲಗೆ ಚಪ್ಪಟೆಯಾಯಿತು. ಚಪ್ಪಟೆಯೇ ಸರಿ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು! ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಅವರು ಪರೀಕ್ಷಿಸಿದ್ದು ವಿಧಾನವನ್ನು.

ಹುಡುಗನ ಕಣ್ಣು ಅರಳಿತು. ಅವನ ತೊಟ್ಟಿಯೂ ಅಂಥದೇ ಪರೀಕ್ಷೆ ಎನ್ನಬಹುದಲ್ಲ! ಮೊದಲು ಕೈಲೆಕ್ಕ, ಅದಕ್ಕೆ ತಾಳೆಯಾದ ಪ್ರೋಗ್ರಾಂ, ಆಮೇಲೆ ಕೈಗೆ ಎಟುಕದ ಲೆಕ್ಕ.

"ದುಂಡು ಮುಚ್ಚಳವನ್ನು ಚೌಕ ತಗಡಿನಿಂದ ಕತ್ತರಿಸಿದರೆ ಮೂಲೆಗಳು ಪೋಲಲ್ಲವೇ?" ಎಂದೆ. ಅವನು ಅದನ್ನು ಎಣಿಸಿರಲಿಲ್ಲ. ಎಣಿಸಿದರೆ ಎತ್ತರ ವ್ಯಾಸದ 1.27ರಷ್ಟಾಗುತ್ತದೆ. ಏನನ್ನು ಕಡಿಮೆ ಮಾಡಬೇಕು ಎಂಬುದೇ ತಪ್ಪಿದ್ದರೆ ಯಾವ ವಿಧಾನವಾದರೂ ತಪ್ಪು ತೊಟ್ಟಿಯನ್ನೇ ಹುಡುಕಿಕೊಡುತ್ತದೆ. ಅಂಗಡಿಯಲ್ಲಿ ಸಿಗುವ ದಪ್ಪ, ಹಾಳೆಯ ಅಳತೆ, ಬೆಸುಗೆಯ ಖರ್ಚು ಇವನ್ನೂ ಸೇರಿಸಿದರೆ ಲೆಕ್ಕ ಮತ್ತೆ ಮೆಟ್ಟಿಲಾಗುತ್ತದೆ; ಅವನ ಪ್ರೋಗ್ರಾಮಿಗೂ ನಿಜವಾದ ಕೆಲಸ ಸಿಗುತ್ತದೆ.

"ಹಾಳೆಯ ಅಳತೆ, ದರ ಎಲ್ಲಾ ಎಲ್ಲಿ ಸಿಗುತ್ತೆ ಸಾರ್? ಪುಸ್ತಕದಲ್ಲಿಲ್ಲ."

ತಂದೆ ಚಪ್ಪಲಿ ಮೆಟ್ಟುತ್ತ ಅಂದರು: "ಬಸ್‌ಸ್ಟ್ಯಾಂಡ್ ಹಿಂದೆ ವೆಲ್ಡಿಂಗ್ ಶೆಡ್ ಇದೆಯಲ್ಲೋ, ಹೋಗ್ತಾ ಕೇಳೋಣ ಬಾ."